ಕೇಳದ ಸುದ್ದಿ, ಬಿಡಿಸದ ಗೌರಿಹೂವು

ಆರ್‌ಪಿಸಿ ಲೇಔಟಿನಲ್ಲಿರುವ ನಮ್ಮ ಮನೆಯ ಗೋಡೆಗೂ ನೆರೆಯವರ ಗೋಡೆಗೂ ನಡುವೆ ಒಂದು ಓಣಿಯಿದೆ. ಒಬ್ಬರು ನಡೆದು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟೇ ಅಗಲ. ನೆರೆಯವರು ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಬಳಿಕ ಸೂರ್ಯನಾರಾಯಣನು ಆ ಓಣಿಗೆ ಇಳಿಯುವುದು ಬೆಳಗಿನ ಹತ್ತರ ಸುಮಾರಿಗೆ. ಅದೂ ಪ್ರದಕ್ಷಿಣೆ ಮುಗಿಸಿ ನಮಸ್ಕಾರ ಮಾಡಿ ಏಳುವಷ್ಟು ಹೊತ್ತು ಮಾತ್ರ. ಅಲ್ಲಿ ತುಳಸಿ ಬಾಳಲಿಲ್ಲ. ದಾಸವಾಳ ಎಲೆ ಬಿಟ್ಟಿತೇ ಹೊರತು ಮೊಗ್ಗು ಕಾಣಲಿಲ್ಲ. ಬಾಳಿದ್ದು ಒಂದೇ ಬಳ್ಳಿ. ಅದು ಬೇರಿನಿಂದ ಬೀಜದವರೆಗೆ ವಿಷ.

ನನ್ನ ಹೆಂಡತಿ ಅದನ್ನು ಗೌರಿಹೂವು ಎನ್ನುತ್ತಿದ್ದಳು. ಅವಳ ತವರು ಮಾಗಡಿಯಿಂದ ಆಚೆ. ಅಲ್ಲಿ ಹೊಂಗೆಮರಗಳ ನೆರಳಿನ ಬೇಲಿಗಳಲ್ಲಿ, ಗೌರಿಹಬ್ಬದ ಹೊತ್ತಿಗೆ ಸರಿಯಾಗಿ ಈ ಹೂವು ಅರಳುತ್ತಿತ್ತಂತೆ. ಮುಖವನ್ನು ನೆಲಕ್ಕೆ ಬಾಗಿಸಿ, ಎಸಳುಗಳನ್ನೆಲ್ಲ ಹಿಂದಕ್ಕೆ ಮಡಿಸಿ ಮೇಲಕ್ಕೆತ್ತಿಕೊಂಡಿರುವ ಹೂವು ಅದು. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಗಾಳಿ ಬೀಸಿದರೆ ಯಾರೋ ಬೇಲಿಯ ಮೇಲೆ ಹಣತೆ ಹಚ್ಚಿಟ್ಟಂತೆ ಕಾಣುತ್ತದೆ. ನಾನು ಓದಿ ಕಲಿಸಿದ ಸಂಸ್ಕೃತದಲ್ಲಿ ಇದಕ್ಕೆ ಅಗ್ನಿಶಿಖೆ ಎಂದು ಹೆಸರು. ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಲಾಂಗಲಿ ಎಂದೂ ಕರೆದಿದ್ದಾರೆ. ನಿಘಂಟುಕಾರರು ಇದನ್ನು ಉಪವಿಷಗಳ ಸಾಲಿನಲ್ಲಿ ಇರಿಸಿದ್ದಾರೆ. ಮೂರನೆಯ ಹೆಸರೊಂದು ಇತ್ತು. ಅದನ್ನು ಕಂಡ ದಿನ ನಾನು ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿಟ್ಟೆ. ಹೆಂಡತಿಗೆ ಓದಿ ಹೇಳಲಿಲ್ಲ.

ಅವಳ ತವರಿನಲ್ಲಿ ಒಂದು ಪದ್ಧತಿಯಿತ್ತು. ಮದುವೆಯಾದ ಹೆಣ್ಣು ತನ್ನ ಮೊದಲ ಗೌರಿಗೆ ತವರಿನ ಬೇಲಿಯ ಹೂವನ್ನು ತನ್ನ ಕೈಯಿಂದಲೇ ಬಿಡಿಸಿ ಏರಿಸಬೇಕು. ಗೌರಿಯೂ ತವರಿಗೆ ಬರುವವಳು. ತವರಿನ ಹೂವು ಕಂಡರೆ ಅವಳಿಗೂ ಇವಳಿಗೂ ಗುರುತು ಸಿಕ್ಕಂತೆ. ನಮ್ಮ ಮದುವೆಯಾದ ವರ್ಷ ಹಬ್ಬದ ಹೊತ್ತಿಗೆ ಇವಳು ಜ್ವರದಿಂದ ಮಲಗಿದ್ದಳು. ನನ್ನ ತಾಯಿ ಸೇವಂತಿಗೆಯಲ್ಲಿ ಪೂಜೆ ಮುಗಿಸಿದರು. ಮುಂದೆ ಎರಡು ಬಾರಿ ಬಸಿರು ನಿಂತು, ಎರಡು ಬಾರಿಯೂ ಮಗು ಕೈಗೆ ಬರಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ದೊಡ್ಡವಳಾದಳು, ಬಸವೇಶ್ವರನಗರಕ್ಕೆ ಮದುವೆಯಾಗಿ ಹೋದಳು. ವರ್ಷವರ್ಷವೂ ಗೌರಿ ಬಂದು ಹೋದಳು. ಇವಳ ಆ ಹೂವು ಮಾತ್ರ ಹಾಗೆಯೇ ಉಳಿಯಿತು. ಮೂತ್ರಪಿಂಡಗಳು ಸೋತು, ರಾಜಾಜಿನಗರದ ಒಂದು ಕೇಂದ್ರಕ್ಕೆ ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಹೋಗಿಬರುವುದು ನಮ್ಮ ಸಂಸಾರದ ನಿತ್ಯಕರ್ಮವಾದ ಮೇಲೆ, ಅವಳು ಆ ಹೂವಿನ ಮಾತನ್ನು ಮತ್ತೆ ತೆಗೆದಳು.

"ಗೌರಮ್ಮನ ಹತ್ರ ನಾನೊಂದು ಮಾತು ಕೇಳೋದಿದೆ ಕಣ್ರೀ. ಬರಿಗೈಲಿ ಹೋಗಿ ಕೇಳಕ್ಕಾಗಲ್ಲ. ಆ ಹೂವು ಕೊಟ್ಟು ಕೇಳ್ಬೇಕು."

ಏನು ಕೇಳುವುದಿದೆ ಎಂದು ನಾನು ವಿಚಾರಿಸಲಿಲ್ಲ. ಭಕ್ತರಿಗೂ ದೇವಿಗೂ ನಡುವಿನ ಮಾತು, ಗಂಡನಾದರೂ ಇಣುಕಬಾರದು ಎಂದುಕೊಂಡೆ.

ಮಾರುಕಟ್ಟೆಯಲ್ಲಿ ಈ ಹೂವನ್ನು ಯಾರೂ ಮಾರುವುದಿಲ್ಲ. ಸಿಕ್ಕಿದ್ದರೂ ಅವಳಿಗೆ ಬೇಡವಾಗಿತ್ತು. ತವರಿನ ಬೇಲಿಯದೇ ಆಗಬೇಕು. ಒಂದು ಕಾರ್ತಿಕದಲ್ಲಿ ಮಗಳು ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದಳು. ಬೇಲಿ ಇರಲಿಲ್ಲ. ಹೊಂಗೆಮರಗಳೂ ಇರಲಿಲ್ಲ. ಜೆಸಿಬಿ ಹಾಯಿಸಿ ನೆಲ ಮಟ್ಟಮಾಡಿ, ಬಿಳಿ ಸುಣ್ಣ ಬಳಿದ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರು. ನನ್ನ ಹೆಂಡತಿ ಕಾರಿನಿಂದ ಇಳಿದು ಸೆರಗನ್ನು ಬಿಗಿಯಾಗಿ ಹೊದ್ದು ಆ ಕಲ್ಲುಗಳ ನಡುವೆ ನಿಧಾನವಾಗಿ ನಡೆದಳು. ಮೋರಿಯ ಪಕ್ಕ ಒಂದು ಮಾರಿನಷ್ಟು ಬೇಲಿ ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿತ್ತು. ಅದರಲ್ಲಿ ಒಣಗಿದ ಬಳ್ಳಿ, ಬಳ್ಳಿಯಲ್ಲಿ ಬಿರಿದ ಒಂದು ಕಾಯಿ, ಕಾಯಿಯೊಳಗೆ ಕುಂಕುಮವರ್ಣದ ಬೀಜಗಳು. ಅವಳು ಅವನ್ನು ಬಿಡಿಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಹಿಂದಿರುಗುವ ದಾರಿಯುದ್ದಕ್ಕೂ ಗಂಟಿನ ಮೇಲಿನ ಕೈಯನ್ನು ತೆಗೆಯಲಿಲ್ಲ.

ಮಗಳಿಗೆ ಅದು ಹಿಡಿಸಲಿಲ್ಲ. ಅವಳ ಪುಟ್ಟ ಹುಡುಗಿ ಆಗತಾನೆ ನಡೆಯಲು ಕಲಿತು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಲ.

"ಅಮ್ಮ, ಅದು ವಿಷ ಅಲ್ವಾ? ಮಗು ಓಡಾಡೋ ಮನೇಲಿ ಯಾರಾದ್ರೂ ವಿಷ ಬೆಳೆಸ್ತಾರಾ?"

"ವಿಷ ಗಂಟಲಲ್ಲಿ ಇಟ್ಕೊಂಡೋನ ಜೊತೇಲಿ ಗೌರಮ್ಮ ಸಂಸಾರ ಮಾಡ್ಲಿಲ್ವೇನೇ? ಸುತ್ತ ಒಂದು ಜಾಲರಿ ಹಾಕ್ಸು, ಸಾಕು."

ಮಗಳು ನಗುತ್ತಲೇ ಗೊಣಗಿದಳು. ಮುಂದಿನ ವಾರವೇ ಜಾಲರಿ ಹಾಕಿಸಿ ಬೀಗವನ್ನೂ ತಂದುಕೊಟ್ಟಳು.

ಬೀಜವನ್ನು ಮಣ್ಣಿಗೆ ಹಾಕಿದ್ದು ಮುಂಗಾರು ಹಿಡಿದ ಮೇಲೆ. ಕಾಡಿನ ನೆರಳಿನಲ್ಲಿ ಹುಟ್ಟುವ ಬಳ್ಳಿಗೆ ಕಾಡಿನ ನೆಲವೇ ಬೇಕೆಂದು ಅವಳ ಎಣಿಕೆ. ಹೊಸಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಹೊಂಗೆಮರಗಳಿವೆ. ಬೆಳಿಗ್ಗೆ ರಸ್ತೆ ಗುಡಿಸುವ ಹೆಂಗಸು ಗುಡ್ಡೆ ಹಾಕಿದ ತರಗೆಲೆಯನ್ನು ಕೇಳಿ ತರಿಸಿ, ಓಣಿಯ ಮೂಲೆಯಲ್ಲಿ ಬೇಸಿಗೆಯೆಲ್ಲ ಕೊಳೆಸಿದ್ದಳು. ಆ ಗೊಬ್ಬರ, ಮರಳು, ಕೆಮ್ಮಣ್ಣು ಬೆರೆಸಿ ಮಣ್ಣಿನ ಕುಂಡ ತುಂಬಿದಳು. ಹಿಂದಿನ ದಿನ ನೀರಿನಲ್ಲಿ ನೆನೆಹಾಕಿದ್ದ ಬೀಜಗಳನ್ನು ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಇಳಿಸಿ ಮುಚ್ಚಿದಳು. ಕೈಯನ್ನು ಸೀಗೆಪುಡಿ ಹಾಕಿ ಎರಡೆರಡು ಸಲ ತೊಳೆದುಕೊಂಡಳು. ಆಮೇಲೆ ಕಾಯುವುದು. ಮೆಂತ್ಯ, ಹೆಸರು ಚೆಲ್ಲಿ ಮೂರನೆಯ ದಿನ ಮೊಳಕೆ ಕಾಣುವ ನಮ್ಮಂಥವರಿಗೆ ಆ ಕಾಯುವಿಕೆ ಅಭ್ಯಾಸವಿರಲಿಲ್ಲ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಕುಂಡದಲ್ಲಿ ಪಾಚಿ ಹಿಡಿಯಿತೇ ಹೊರತು ಬೇರೇನೂ ಏಳಲಿಲ್ಲ. ನಾನು ಕುತೂಹಲ ತಾಳಲಾರದೆ ಕಡ್ಡಿಯಿಂದ ಕೆದಕಲು ಹೋದಾಗ ಅವಳು ಕೈ ಹಿಡಿದು ತಡೆದಳು. ಆ ವರ್ಷದ ಗೌರಿ ಎಂದಿನಂತೆ ಸೇವಂತಿಗೆಯಲ್ಲೇ ಹೋದಳು. ಮಹಾಲಯದ ಹೊತ್ತಿಗೆ ಎರಡು ಹಸಿರು ಮೊನೆಗಳು ಕಂಡವು. ಒಂದನ್ನು ಬಸವನಹುಳು ತಿಂದಿತು. ಇನ್ನೊಂದು ಎಲೆ ಬಿಟ್ಟು, ಒಂದು ಗೇಣೂ ಬೆಳೆಯದೆ, ಚಳಿಗಾಲ ಬರುತ್ತಿದ್ದಂತೆ ಹಳದಿಯಾಗಿ ಒಣಗಿ ಬಿದ್ದುಹೋಯಿತು.

ಎಲ್ಲ ಮುಗಿಯಿತು ಎಂದು ನಾನು ಕುಂಡವನ್ನು ಬರಿದುಮಾಡಲು ಎತ್ತಿದೆ.

"ಇಡ್ರೀ ಕೆಳಗೆ. ಅದು ಸತ್ತಿಲ್ಲ, ಮಲಗಿದೆ. ನಮ್ಮಮ್ಮ ಹೇಳೋರು, ಈಗ ನೀರು ಹಾಕಿದ್ರೇನೇ ಸಾಯೋದು ಅಂತ."

ಮಣ್ಣಿನೊಳಗೆ ಹೆಸರುಕಾಳಿಗಿಂತ ತುಸು ದೊಡ್ಡದಾದ ಗಡ್ಡೆಯೊಂದು ಕಟ್ಟಿರುತ್ತದೆಂದೂ, ಬೇಸಿಗೆಯನ್ನೆಲ್ಲ ಅದು ಒಣನೆಲದಲ್ಲೇ ಕಳೆಯುತ್ತದೆಂದೂ ಅವಳು ವಿವರಿಸಿದಳು. ಆ ತಿಂಗಳುಗಳಲ್ಲಿ ಬರಿಯ ಮಣ್ಣಿನ ಕುಂಡವನ್ನು ಜಾಲರಿಯೊಳಗಿಟ್ಟು ಬೀಗ ಹಾಕಿದ ನಮ್ಮನ್ನು ಕಂಡು ಪಕ್ಕದ ಮನೆಯವರು, "ಮೇಷ್ಟ್ರೇ, ಒಳಗೆ ಚಿನ್ನ ಹೂತಿದ್ದೀರಾ?" ಎಂದು ಮಹಡಿಯಿಂದಲೇ ಕೇಳುತ್ತಿದ್ದರು.

ಎರಡನೆಯ ಮಳೆಗಾಲದಲ್ಲಿ ಅದು ಎದ್ದು ಆಳೆತ್ತರ ಬೆಳೆಯಿತು. ಎಲೆಯ ತುದಿಯೇ ಸುರುಳಿಯಾಗಿ ಜಾಲರಿಯನ್ನು ಹಿಡಿದು ಹತ್ತಿತು. ಹೂವು ಬರಲಿಲ್ಲ. ಅಷ್ಟರಲ್ಲಿ ಅವಳ ಹೃದಯವೂ ದುರ್ಬಲವಾಗಿತ್ತು. ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ವೈದ್ಯರು ಕಟ್ಟುಮಾಡಿದ್ದರು. ಬೆಳಿಗ್ಗೆ ನಾನು ಅವಳ ಪಾಲನ್ನು ಒಂದು ಹಿತ್ತಾಳೆಯ ಚೊಂಬಿನಲ್ಲಿ ತುಂಬಿ ಇಡುತ್ತಿದ್ದೆ, ಸಂಜೆಯವರೆಗೆ ಅಷ್ಟೇ. ಒಂದು ದಿನ ಅವಳು ಆ ಚೊಂಬಿನಿಂದಲೇ ಬಳ್ಳಿಯ ಬುಡಕ್ಕೆ ನೀರು ಬಗ್ಗಿಸುತ್ತಿರುವುದನ್ನು ಕಂಡೆ. ನಲ್ಲಿಯಲ್ಲಿ ನೀರಿಲ್ಲವೇ ಎಂದು ಗದರಿದೆ. ನಲ್ಲಿಯ ನೀರು ಯಾರು ಬೇಕಾದರೂ ಹಾಕಬಹುದು, ಇದು ತಾನು ಬಿಟ್ಟುಕೊಟ್ಟ ನೀರು ಎಂದಳು. ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುವ, ಗದಗಿನ ಕಡೆಯ ಯುವಕನೊಬ್ಬನಿದ್ದ. ಹೋದಾಗಲೆಲ್ಲ ತೂಕ ನೋಡಿ ಛೇಡಿಸುವವನು.

"ಏನ್ರೀ ಅಮ್ಮಾರ, ಇವತ್ತ ತೂಕ ಭಾಳ ಕಡಿಮಿ ಐತಲ್ಲ. ನೀರ ಕುಡದಿಲ್ಲೇನ್ ಮತ್ತ?"

"ನನ್ನ ಪಾಲು ನಮ್ಮನೆ ಗೌರಿ ಕುಡಿದ್ಲು ಕಣಪ್ಪ."

ಅವನು ಗೌರಿ ಎಂದರೆ ಮೊಮ್ಮಗಳೆಂದು ತಿಳಿದು, ಆಕೆಗೆ ಎಷ್ಟು ವರ್ಷ ಎಂದು ವಿಚಾರಿಸಿದ. ಬರುವ ಮಳೆಗಾಲಕ್ಕೆ ಎರಡು ತುಂಬುತ್ತದೆ ಎಂದು ಇವಳು ನಗದೆ ಉತ್ತರಿಸಿದಳು. ಯಂತ್ರದ ಕೊಳವೆಗಳಲ್ಲಿ ಅವಳ ರಕ್ತ ಹೊರಗೆ ಬಂದು, ವಿಷವನ್ನು ಬಿಟ್ಟು, ಒಳಗೆ ಹೋಗುತ್ತಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಮನಸ್ಸಿನಲ್ಲೇ ಮೃತ್ಯುಂಜಯವನ್ನು ಜಪಿಸುತ್ತಿದ್ದೆ. ಜಪಕ್ಕೆ ಮನಸ್ಸು ನಿಲ್ಲುತ್ತಿರಲಿಲ್ಲ.

ಮೂರನೆಯ ಮಳೆಗಾಲ ಬರುವ ವೇಳೆಗೆ ವೈದ್ಯರು ನನ್ನನ್ನೂ ಮಗಳನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು, ಇನ್ನೊಂದು ವರ್ಷವನ್ನು ನಿರೀಕ್ಷಿಸಬೇಡಿ ಎಂದಿದ್ದರು. ನಾವು ಅವಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಆದರೆ ಶ್ರಾವಣ ಮುಗಿಯುವ ಹೊತ್ತಿಗೆ ಬಳ್ಳಿಯ ತುದಿಯಲ್ಲಿ ಒಂದೇ ಒಂದು ಮೊಗ್ಗು ಕಾಣಿಸಿಕೊಂಡಾಗ, ಅವಳು ಬೆಳಿಗ್ಗೆ ಸಂಜೆ ಅದರ ಮುಂದೆ ಮೊಣಕಾಲು ಹಿಡಿದುಕೊಂಡು ಕುಳಿತುಕೊಳ್ಳುವುದನ್ನು ಕಂಡು, ಅವಳಿಗೆ ಎಲ್ಲವೂ ತಿಳಿದಿದೆಯೆಂದು ನನಗೆ ಮನದಟ್ಟಾಯಿತು. ಹಬ್ಬಕ್ಕೆ ಎರಡು ದಿನವಿರುವಾಗ ಮೊಗ್ಗು ಬಿರಿದು, ಎಸಳುಗಳು ಒಂದೊಂದಾಗಿ ಹಿಂದಕ್ಕೆ ಮಡಿದವು. ಹಸಿರು ಹಳದಿಗೆ ತಿರುಗಿತು. ಹಳದಿಯ ಅಂಚಿನಲ್ಲಿ ಕೆಂಪು ಹತ್ತಿತು. ಜಗನ್ಮಾತೆ ಕರುಣಿಸಿದಳು ಎಂದು ನಾನು ಎರಡೂ ಕೈಗಳನ್ನು ಮುಗಿದೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಹೋಳಿಗೆಯ ಹೂರಣ ರುಬ್ಬಲು ಮಗಳು ಬಂದಿದ್ದಳು. ನಾನು ದೇವರ ಮನೆಯಲ್ಲಿ ಹುಣಸೆಹಣ್ಣು ಹಾಕಿ ದೀಪದ ಕಂಬಗಳನ್ನು ತಿಕ್ಕುತ್ತಿದ್ದೆ. ಹಜಾರದಲ್ಲಿದ್ದ ನನ್ನ ಫೋನು ಮೊಳಗಿತು. ಮಗಳು ತೆಗೆದುಕೊಂಡಳು. ಎರಡು ಮಾತಿಗೆ ಅವಳ ಧ್ವನಿ ತಗ್ಗಿತು. ಫೋನು ಹಿಡಿದುಕೊಂಡೇ ಗೇಟಿನವರೆಗೆ ಹೋದಳು. ಹೋಗುವಾಗ "ಎಷ್ಟು ಹೊತ್ತಿಗೆ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಹಿಂದಿರುಗಿದಾಗ ಯಾರೆಂದು ವಿಚಾರಿಸಿದೆ.

"ಯಾರೋ ಕ್ರೆಡಿಟ್ ಕಾರ್ಡ್‌ನವರು."

"ಕ್ರೆಡಿಟ್ ಕಾರ್ಡ್‌ನವರ ಹತ್ರ ಎಷ್ಟು ಹೊತ್ತಿಗೆ ಅಂತ ಯಾಕೆ ಕೇಳ್ದೆ?"

ಅವಳು ಅಡಿಗೆಮನೆಯ ಕಡೆ ನೋಡಿ, ದೇವರ ಮನೆಯ ಹೊಸಿಲಿನ ಹೊರಗೆ ಕುಳಿತುಕೊಂಡಳು.

"ಅಪ್ಪಾ, ದಯವಿಟ್ಟು ಕೇಳ್ಬೇಡಿ. ನಾಳೆ ಅಮ್ಮನ ಪೂಜೆ ಆಗ್ಲಿ, ನಾನೇ ಹೇಳ್ತೀನಿ. ನಂಗೇನೂ ಅಂಟಲ್ಲ, ನಾನು ಬೇರೆ ಗೋತ್ರದವಳು. ನಿಮಗೆ ಗೊತ್ತಿಲ್ದೇ ಇದ್ರೆ ನಿಮಗೂ ಇಲ್ಲ. ನೀವೇ ಹೇಳ್ಕೊಟ್ಟಿದ್ದಲ್ವಾ?"

ನಾನೇ ಹೇಳಿಕೊಟ್ಟದ್ದು ನಿಜ. ದಾಯಾದಿಗಳಲ್ಲಿ ಸಾವಾದರೆ ಹತ್ತು ದಿನ ಸೂತಕ. ದೇವರ ಪೂಜೆಯಿಲ್ಲ, ಹಬ್ಬವಿಲ್ಲ. ಆದರೆ ಸೂತಕ ಹುಟ್ಟುವುದು ಸಾವಿನಿಂದಲ್ಲ, ಆ ಸುದ್ದಿ ಕಿವಿಗೆ ಬಿದ್ದುದರಿಂದ. ಕೇಳದವನಿಗೆ ಸೂತಕವಿಲ್ಲ. ಇನ್ನೊಂದು ಮಾತೂ ಇದೆ: ವ್ರತದ ಸಂಕಲ್ಪವಾದ ಮೇಲೆ ಸುದ್ದಿ ಬಂದರೂ ಅದು ವ್ರತವನ್ನು ಮುಟ್ಟುವುದಿಲ್ಲ. ಎಷ್ಟೋ ವರ್ಷ ಎಷ್ಟೋ ಜನರಿಗೆ ನಾನು ಈ ವಿಷಯವನ್ನು ವಿವರಿಸಿದ್ದೇನೆ. ಮದುವೆಯ ಮನೆಗಳಿಂದ ಗಾಬರಿಯಾಗಿ ಫೋನು ಮಾಡಿದವರಿಗೆ ಸಮಾಧಾನ ಹೇಳಿದ್ದೇನೆ. ಮಗಳು ನನ್ನ ಪಾಠವನ್ನು ನನಗೇ ಒಪ್ಪಿಸಿ, ಬಾಗಿಲನ್ನು ಹೊರಗಿನಿಂದ ಭದ್ರಪಡಿಸಿ ನಿಂತಿದ್ದಳು. ಯಾರು ಹೋದರೆಂದು ಯೋಚಿಸದಂತೆ ನನ್ನನ್ನು ನಾನು ತಡೆದುಕೊಂಡೆ. ವಯಸ್ಸಾದವರ ಮುಖಗಳು ತಾವಾಗಿಯೇ ಎದುರಿಗೆ ಬರತೊಡಗಿದಾಗ ವಿಷ್ಣುಸಹಸ್ರನಾಮವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಕಂಬಗಳನ್ನು ತಿಕ್ಕಿದೆ. ನಾನು ಕೇಳಲಿಲ್ಲ. ಸಂಜೆಯೊಳಗೆ ಮಗಳು ನನ್ನ ಫೋನನ್ನು ಆರಿಸಿ ತನ್ನ ಚೀಲದಲ್ಲಿಟ್ಟುಕೊಂಡಳು.

ಬೆಳಿಗ್ಗೆ ನನ್ನ ಹೆಂಡತಿ ಮಿಂದು ಮಡಿಯುಟ್ಟು ಬಂದಾಗ, ಇಷ್ಟು ದಿನ ಎಲ್ಲಿತ್ತೋ ಆ ಬಣ್ಣ, ಅವಳ ಮುಖಕ್ಕೆ ಬಂದಿತ್ತು. ಡಯಾಲಿಸಿಸ್‌ನ ಸೂಜಿ ಚುಚ್ಚುವ ಎಡಗೈಗೆ ಬಳೆ ತೊಡುವಂತಿರಲಿಲ್ಲ. ಬಲಗೈಗೇ ಎರಡು ಕೈಯ ಹಸಿರು ಬಳೆಗಳನ್ನೂ ಏರಿಸಿಕೊಂಡಿದ್ದಳು. ಮಂಟಪದಲ್ಲಿ ಮಣ್ಣಿನ ಗೌರಿ, ಮುಂದೆ ಅರಿಶಿನದ ತಟ್ಟೆಯಲ್ಲಿ ಹದಿನಾರು ಗಂಟಿನ ದಾರ, ಪಕ್ಕದಲ್ಲಿ ಬಾಗಿನದ ಮೊರ. ಎಲ್ಲವೂ ಸಿದ್ಧವಾಗಿತ್ತು. ಹೂವೊಂದನ್ನು ತರಬೇಕಿತ್ತು.

ಸಂಕಲ್ಪ ಮಾಡಿಬಿಡೋಣ, ಹೂವನ್ನು ಆಮೇಲೆ ಬಿಡಿಸಿದರಾಯಿತು ಎಂದೆ. ನನ್ನ ಧ್ವನಿಯಲ್ಲಿದ್ದ ಆತುರ ನನಗೇ ಕೇಳಿಸಿತು.

"ಹೂವಿಲ್ದೇ ಹ್ಯಾಗ್ರೀ ಕೂತ್ಕೊಳ್ಳೋದು? ಓಣಿಗೆ ಬಿಸಿಲು ಬರ್ಲಿ. ಬಳ್ಳೀಲಿರೋ ಹಾಗೇ ಒಂದು ಫೋಟೋ ತೆಗೆದು ನಮ್ಮಣ್ಣನ ಮಕ್ಕಳಿಗೆ ಕಳಿಸ್ತೀನಿ. ಬೇಲಿ ಇನ್ನೂ ಇದೆ ಅಂತ ಗೊತ್ತಾಗ್ಲಿ."

"ಫೋಟೋ ನಾನು ತೆಗೀತೀನಿ ಅಮ್ಮ, ನೀನು ಹೋಗಿ ಮಣೆ ಮೇಲೆ ಕೂತ್ಕೋ" ಎಂದು ಮಗಳು ಎದ್ದಳು.

"ನಿನ್ನ ಫೋಟೋದಲ್ಲಿ ಬರೀ ಗೋಡೆ ಬರುತ್ತೆ, ಬಿಡು."

ತನ್ನ ಫೋನು ಹಿಡಿದು ಅವಳು ಓಣಿಗೆ ಹೋದಳು. ಮಗಳು ನನ್ನ ಫೋನನ್ನು ಬಚ್ಚಿಟ್ಟಿದ್ದಳು. ತಾಯಿಯ ಫೋನಿನ ಯೋಚನೆ ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ. ಮೊಮ್ಮಗಳ ಚಿತ್ರ ನೋಡುವುದಕ್ಕಲ್ಲದೆ ಅವಳು ಅದನ್ನು ಬಳಸುತ್ತಿರಲಿಲ್ಲ. ನಾವಿಬ್ಬರೂ ಹಿಂದೆ ನಿಂತಿದ್ದಂತೆಯೇ ಬಿಸಿಲು ನೆರೆಯವರ ಗೋಡೆಯಿಂದ ಇಳಿದು ಜಾಲರಿಯ ಮೇಲೆ ಬಿತ್ತು. ಹೂವು ಹೊತ್ತಿಕೊಂಡಿತು. ಅವಳು ಚಿತ್ರ ತೆಗೆದು, ತೃಪ್ತಿಯಿಂದ ನೋಡಿ, ಕನ್ನಡಕ ಸರಿಪಡಿಸಿಕೊಂಡು ಕಳಿಸಲು ಬೆರಳಾಡಿಸಿದಳು. ಬೆರಳು ನಿಂತಿತು. ನಮ್ಮ ದಾಯಾದಿಗಳ ವಾಟ್ಸಾಪ್ ಗುಂಪಿನಲ್ಲಿ ಹಾರ ಹಾಕಿದ ಭಾವಚಿತ್ರವೊಂದು, ಅದರ ಕೆಳಗೆ ಒಂದಾದ ಮೇಲೊಂದು "ಓಂ ಶಾಂತಿ", ತೆರೆಯ ಕೊನೆಯವರೆಗೂ.

ಅವಳು ಓಣಿಯ ಮೆಟ್ಟಿಲ ಮೇಲೆ ಕುಳಿತಳು.

"ಕೆಂಗೇರಿ ಭಾವನೋರು ಹೋಗ್ಬಿಟ್ರಂತೆ ಕಣ್ರೀ. ನಿನ್ನೆ."

ಕೆಂಗೇರಿಯವರು ನನ್ನ ಅಜ್ಜನ ತಮ್ಮನ ಮೊಮ್ಮಗ. ಎಷ್ಟೋ ವರ್ಷಗಳಿಂದ ನಾವು ಪರಸ್ಪರ ಮುಖ ನೋಡಿರಲಿಲ್ಲ. ಅವಳು ಮಗಳ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮಗೆ ಗೊತ್ತಿತ್ತಾ?"

"ನಾನು ಕೇಳಿರಲಿಲ್ಲ" ಎಂದೆ.

ಅದು ಸತ್ಯವಾದ ಮಾತು. ನಮ್ಮ ಕನ್ನಡದಲ್ಲಿ ಕಿವಿಗೆ ಬೀಳುವುದಕ್ಕೂ ಬಾಯಿಬಿಟ್ಟು ವಿಚಾರಿಸುವುದಕ್ಕೂ ಒಂದೇ ಕ್ರಿಯಾಪದ. ನಾನು ಯಾವ ಅರ್ಥದಲ್ಲಿ ಹೇಳಿದೆನೆಂಬುದು ಅವಳಿಗೆ ಆ ಕ್ಷಣವೇ ತಿಳಿಯಿತು. ಐವತ್ತು ವರ್ಷದ ಸಂಸಾರದಲ್ಲಿ ನನ್ನ ವ್ಯಾಕರಣವನ್ನು ಅವಳಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಮಗಳು ಅಳುತ್ತ ನಗಲು ನೋಡಿದಳು. "ಓದಿದ್ದು ಕೇಳಿದ ಹಾಗೆ ಹ್ಯಾಗಾಗುತ್ತೆ ಅಪ್ಪ? ನಿಮ್ಮ ಶಾಸ್ತ್ರದಲ್ಲಿ ವಾಟ್ಸಾಪ್ ಇದೆಯಾ? ಇಲ್ಲ ತಾನೇ? ಹೇಳಿ ಅಮ್ಮಂಗೆ."

ಹೇಳಬೇಕೆಂದು ನಾನು ಬಾಯಿ ತೆರೆದೆ. ಓದುವುದು ಶ್ರವಣವಲ್ಲ ಎಂದು ವಾದಿಸಲು ನನಗೆ ಬರುತ್ತಿರಲಿಲ್ಲವೆಂದಲ್ಲ. ಆದರೆ ದೂರದೇಶದಿಂದ ಓಲೆಯಲ್ಲಿ ಬಂದ ಸುದ್ದಿಗೂ ಸ್ನಾನ ಮಾಡಿದ ಹಿರಿಯರ ಮನೆಯಲ್ಲಿ ನಾನು ಹುಟ್ಟಿದವನು. ಹೆಂಡತಿಯೇ ಮಗಳ ತಲೆ ನೇವರಿಸಿದಳು.

"ಗೊತ್ತಿಲ್ದೇ ಮಾಡಿದ್ರೆ ಗೌರಮ್ಮ ತಗೋತಿದ್ಲು ಕಣೇ. ಗೊತ್ತಿದ್ದೂ ನಾನು ಕೊಡಲಾರೆ. ಈ ಹೂವು ಕೊಟ್ಟು ಅವಳನ್ನ ಮಾತು ಕೇಳ್ಬೇಕು ಅಂತಿದ್ದೋಳು ನಾನು. ತಪ್ಪು ಕೈ ಇಟ್ಕೊಂಡು ಏನಂತ ಕೇಳ್ಲಿ?"

ಹೂವನ್ನು ತಾನು ಬಿಡಿಸಿಕೊಂಡು ಹೋಗಿ ತನ್ನ ಮನೆಯಲ್ಲಿ ಏರಿಸುತ್ತೇನೆಂದು ಮಗಳು ಬೇಡಿಕೊಂಡಳು. ಇವಳು ಒಪ್ಪಲಿಲ್ಲ. ಬಳ್ಳಿಯಲ್ಲೇ ಇರಲಿ, ಸೂತಕ ಕಳೆಯುವವರೆಗೆ ಇದ್ದರೆ ನವರಾತ್ರಿಯಲ್ಲಿ ನೋಡೋಣ ಎಂದಳು. ನವರಾತ್ರಿಗೆ ಇನ್ನೂ ಒಂದು ತಿಂಗಳಿತ್ತು. ಹೂವಿನ ಆಯುಷ್ಯ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತಣ್ಣೀರಿನಲ್ಲಿ ತಲೆಯ ಮೇಲೆ ಸ್ನಾನ ಮಾಡಿ, ಮಡಿ ಸೀರೆಯನ್ನು ಹಿಂಡಿ ಹರವಿ, ಹಳೆಯ ನೂಲಿನ ಸೀರೆಯುಟ್ಟು ಬಂದು ಹಜಾರದಲ್ಲಿ ಗೋಡೆಗೆ ಒರಗಿದಳು. ಮಗಳು ಪೂಜೆಯಾಗದ ಗೌರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸವೇಶ್ವರನಗರಕ್ಕೆ ಕೊಂಡೊಯ್ದಳು. ಮಂಟಪದಲ್ಲಿ ರಂಗೋಲಿಯ ಮೇಲೆ ಗೌರಿ ಕುಳಿತಿದ್ದ ಜಾಗ ವೃತ್ತಾಕಾರವಾಗಿ ಖಾಲಿ ಉಳಿಯಿತು.

ಮುಂದಿನ ದಿನಗಳಲ್ಲಿ ಹಳದಿಯೆಲ್ಲ ಹೋಗಿ ಹೂವು ಪೂರ್ತಿ ಕೆಂಪಾಯಿತು. ಆಮೇಲೆ ಕೆಂಪು ಕಂದಿತು. ಸೂತಕ ಕಳೆದು ನಾನು ಜನಿವಾರ ಬದಲಿಸಿ ಓಣಿಗೆ ಬಂದು ನೋಡಿದಾಗ, ಎಸಳುಗಳು ಒಣಗಿದ ಅರಿಶಿನದ ಸಿಪ್ಪೆಯಂತೆ ಮುದುಡಿ ನೇತಾಡುತ್ತಿದ್ದವು. ಅವಳು ನೋಡಲು ಬರಲಿಲ್ಲ. ಆ ವಾರದಿಂದ ಚೊಂಬಿನ ನೀರು ಸಂಜೆಗೂ ಅರ್ಧ ಉಳಿಯತೊಡಗಿತು. ಬಳ್ಳಿಗೂ ಹಾಕುತ್ತಿರಲಿಲ್ಲ, ತಾನೂ ಕುಡಿಯುತ್ತಿರಲಿಲ್ಲ.

ಪಿತೃಪಕ್ಷದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಒಂದು ಮಧ್ಯಾಹ್ನ, ಕಿಟಕಿಯ ಕಡೆ ಮುಖ ಮಾಡಿಕೊಂಡು ಮಲಗಿದ್ದವಳು ಇದ್ದಕ್ಕಿದ್ದಂತೆ ಮಾತು ತೆಗೆದಳು.

"ಅವತ್ತು ಪುಸ್ತಕ ಮುಚ್ಚಿ ಇಟ್ರಲ್ಲ, ಆ ಹೂವಿನ ಹೆಸರು ಓದ್ತಾ ಓದ್ತಾ. ನಾನು ನೋಡ್ದೆ."

ಮೂರನೆಯ ಆ ಹೆಸರು ಗರ್ಭಘಾತಿನಿ. ಬಸಿರನ್ನು ಕೊಲ್ಲುವವಳು ಎಂದು ಅರ್ಥ.

"ನಂಗೆ ಮೊದಲೇ ಗೊತ್ತಿತ್ತು. ಅದರ ಗಡ್ಡೆ ಮುಟ್ಟಬೇಡ, ಹೊಟ್ಟೇಲಿ ನಿಲ್ಲಲ್ಲ ಅಂತ ನಮ್ಮಮ್ಮ ಹೇಳೋರು. ನಾನು ಯಾವತ್ತೂ ಮುಟ್ಟಿರ್ಲಿಲ್ಲ. ಆದ್ರೂ ಎರಡು ಹೋಯ್ತು. ಅದಕ್ಕೇ ಆ ಹೂವನ್ನೇ ಅವಳ ಮುಂದೆ ಇಟ್ಟು ಕೇಳೋಣ ಅಂತಿದ್ದೆ, ಮುಟ್ಟದೇ ಇದ್ದೋಳಿಗೆ ಯಾಕೆ ಹೀಗ್ ಮಾಡ್ದೆ ಅಂತ. ಕೇಳಕ್ಕಾಗ್ಲಿಲ್ಲ."

ಜಗನ್ಮಾತೆಯ ಲೀಲೆಯ ಕುರಿತು, ಕರ್ಮಫಲದ ಕುರಿತು ನನ್ನ ಬಳಿ ಮಾತುಗಳಿದ್ದವು. ಜೀವನಪೂರ್ತಿ ಇತರರಿಗೆ ಹಂಚಿದ ಮಾತುಗಳು. ಅವುಗಳಲ್ಲಿ ಒಂದನ್ನೂ ಆ ಮಂಚದ ಪಕ್ಕದಲ್ಲಿ ಎತ್ತಲು ನನ್ನಿಂದಾಗಲಿಲ್ಲ. ಅವಳ ಬಲಗೈಯನ್ನು ಹಿಡಿದುಕೊಂಡೆ. ಆಸ್ಪತ್ರೆಯವರು ಬಳೆಗಳನ್ನು ತೆಗೆಸಿದ್ದರು.

ಎರಡು ದಿನಗಳ ಬಳಿಕ ಆಸ್ಪತ್ರೆಯ ಹಜಾರದಲ್ಲಿ ಕುಳಿತಿದ್ದಾಗ, ಅವಳನ್ನು ಸೇರಿಸಿದ್ದ ತೀವ್ರ ನಿಗಾ ಘಟಕದ ಬಾಗಿಲು ತೆರೆದು ವೈದ್ಯರು ನನ್ನ ಕಡೆ ನಡೆದು ಬರತೊಡಗಿದರು. ನಾನು ಎದ್ದು ಬೇರೆ ಕಡೆಗೆ ನಡೆದೆ. ಮೆಟ್ಟಿಲಿಳಿದು, ಔಷಧದ ಅಂಗಡಿಯ ಮುಂದೆ ಹಾದು, ರಸ್ತೆಯವರೆಗೂ ಹೋದೆ. ಕೇಳದವನಿಗೆ ಸೂತಕವಿಲ್ಲ. ಬಸ್ಸುಗಳ ಸದ್ದಿನಲ್ಲಿ ನಿಂತುಕೊಂಡು, ಇನ್ನೂ ಕೇಳಿಲ್ಲ, ಇನ್ನೂ ಕೇಳಿಲ್ಲ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಮಗಳು ಹುಡುಕಿಕೊಂಡು ಬಂದಳು. ಎದುರಿಗೆ ನಿಂತು ನನ್ನ ಶಲ್ಯವನ್ನು ಸರಿಪಡಿಸಿದಳು.

ಮರುವರ್ಷ ಮಳೆ ಬಿದ್ದಾಗ ಅದೇ ಕುಂಡದಿಂದ ಎರಡು ಬಳ್ಳಿಗಳು ಎದ್ದವು. ಗಡ್ಡೆ ಕವಲೊಡೆದಿರಬೇಕು. ನಾನು ಏನನ್ನೂ ಮಾಡಿರಲಿಲ್ಲ. ಹಬ್ಬದ ಹೊತ್ತಿಗೆ ಜಾಲರಿಯ ತುಂಬ ಹೂವು, ಎಣಿಸುವ ಮನಸ್ಸಾಗಲಿಲ್ಲ. ಅವಳ ವರ್ಷಾಬ್ದಿಕ ಇನ್ನೂ ಕಳೆದಿರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಇದ್ದಿದ್ದರೂ ಹೆಂಡತಿಯಿಲ್ಲದವನ ಮನೆಯಲ್ಲಿ ಗೌರಿಗೆ ಮಣೆ ಹಾಕುವವರಾರು? ನೆರೆಯವರು ಮಹಡಿಯಿಂದ ನೋಡಿ, ಮೇಷ್ಟ್ರೇ ಚಿನ್ನ ಮೇಲೆ ಬಂತು ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ಹಬ್ಬದ ಹಿಂದಿನ ದಿನ ಮಗಳು ಬಂದಳು. ಓಣಿಯ ಮೆಟ್ಟಿಲ ಮೇಲೆ, ತಾಯಿ ಕುಳಿತಲ್ಲಿಯೇ, ತುಂಬ ಹೊತ್ತು ಕುಳಿತಿದ್ದಳು.

"ಒಂದು ಹೂವು ತಗೊಂಡ್ ಹೋಗ್ಲಾ ಅಪ್ಪ?"

ವರ್ಷಾಬ್ದಿಕ ಕಳೆಯದ ಮನೆಯ ಹೂವು ಇನ್ನೊಂದು ಮನೆಯ ಗೌರಿಗೆ ಸಲ್ಲುತ್ತದೆಯೇ ಎಂಬುದಕ್ಕೆ ಪ್ರಮಾಣ ಹುಡುಕಲು ನಾನು ಹೋಗಲಿಲ್ಲ. ಬೀಗದ ಕೈ ಕೊಟ್ಟೆ. ಅವಳು ಒಂದೇ ಒಂದನ್ನು ಬಿಡಿಸಿ, ಬಾಳೆಯೆಲೆಯಲ್ಲಿ ಸುತ್ತಿ, ತಾಯಿಯ ಹಾಗೆಯೇ ಎರಡೆರಡು ಸಲ ಕೈ ತೊಳೆದುಕೊಂಡು ಹೋದಳು. ಅದನ್ನು ಏರಿಸಿದಳೇ, ಏರಿಸಿ ಏನಾದರೂ ಕೇಳಿದಳೇ ಎಂದು ನಾನು ಇಂದಿನವರೆಗೂ ಕೇಳಿಲ್ಲ. ಅವಳಾಗಿಯೂ ಹೇಳಿಲ್ಲ.

ಈಗ ಮಾಘ. ಬಳ್ಳಿ ಒಣಗಿ ಬಿದ್ದಿದೆ. ಕುಂಡದಲ್ಲಿ ಬರಿಯ ಮಣ್ಣು. ಮುಂಜಾನೆ ಸಂಧ್ಯಾವಂದನೆ ಮುಗಿದ ಮೇಲೆ ಅವಳ ಚೊಂಬನ್ನು ಅಭ್ಯಾಸಬಲದಿಂದ ತುಂಬಿಬಿಡುತ್ತೇನೆ. ತುಂಬಿದ ಮೇಲೆ ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಓಣಿಗೆ ಬರುತ್ತೇನೆ. ಮಲಗಿದ ಗಡ್ಡೆಗೆ ನೀರೆರೆದರೆ ಅದು ಕೊಳೆತು ಸಾಯುತ್ತದೆ. ಕುಂಡದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ತುಂಬಿದ ಚೊಂಬನ್ನು ಹಿಡಿದುಕೊಂಡೇ ಒಳಗೆ ಬರುತ್ತೇನೆ.